ಪದ್ಯ ಅವರದು, ಅರ್ಥ ನಿನ್ನದು

ಮಗಳೇ,

ಜಪಾನೀ ಅನಿಮೆಯ ದೃಶ್ಯಗಳನ್ನು ಹಾಡೊಂದಕ್ಕೆ ಜೋಡಿಸಿ ಮೊದಲ ವಿಡಿಯೊ ಮಾಡಲು ಹೊರಟಿದ್ದೀಯ. ಯಾವ ಸಾಫ್ಟ್‌ವೇರ್ ಒಳ್ಳೆಯದು, ಎಫೆಕ್ಟ್ ಹಾಕುವುದು ಹೇಗೆ, ನಿನ್ನ ಲ್ಯಾಪ್‌ಟಾಪ್ ಸಾಕಾಗುತ್ತದೋ ಇಲ್ಲವೋ ಎಂದೆಲ್ಲ ಕೇಳಿದ್ದೀಯ. ಹೇಳುತ್ತೇನೆ. ಆದರೆ ಅದಕ್ಕೂ ಮೊದಲು ನೀನೇ ಉತ್ತರ ಹುಡುಕಬೇಕಾದ ಪ್ರಶ್ನೆ ಒಂದುಂಟು: ಈ ಕಥೆಗೆ ಈ ಹಾಡು ಯಾಕೆ? ಎರಡೂ ನನಗಿಷ್ಟ ಎಂದರೆ ಸಾಲದು. ಹಾಡು ಇಷ್ಟವಾದರೆ ಹಾಡು ಕೇಳಬಹುದು, ಸಿನಿಮಾ ಇಷ್ಟವಾದರೆ ಸಿನಿಮಾ ನೋಡಬಹುದು. ಎರಡನ್ನೂ ಕೂಡಿಸಿದಾಗ, ಬಿಡಿಬಿಡಿಯಾಗಿದ್ದಾಗ ಕಾಣದ ಏನೋ ಒಂದು ಕಾಣಬೇಕು. ಅದನ್ನು ಕಂಡವಳು ನೀನಾಗಿರಬೇಕು.

ನೀನು ಕುಂಬಳೆ ಸೀಮೆಯ ತಾಳಮದ್ದಲೆ ಕೇಳಿ ಬೆಳೆದವಳು, ಆದ್ದರಿಂದ ನಿನಗೆ ಇದನ್ನು ವಿವರಿಸುವುದು ಸುಲಭ. ಪ್ರಸಂಗ ಬರೆದ ಕವಿ ಯಾರೋ, ಪದ್ಯ ಹೇಳುವ ಭಾಗವತರು ಇನ್ನಾರೋ. ವೇಷವಿಲ್ಲ, ಕುಣಿತವಿಲ್ಲ. ಪದ್ಯವನ್ನು ಮಾತಿನಲ್ಲಿ ಬಿಡಿಸಿ ಹೇಳುವ ಅರ್ಥಧಾರಿಯ ಪಾಲಿಗೆ ಉಳಿಯುವುದು ಆ ಪದ್ಯದಲ್ಲಿ ಅವನಿಗೆ ಕಂಡ ಅರ್ಥ ಮಾತ್ರ. ವಾಲಿವಧೆಯ ಪದ್ಯಗಳು ಎಲ್ಲರಿಗೂ ಗೊತ್ತಿದ್ದವೇ. ಆದರೂ ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ವಾಲಿಯನ್ನು ಕೇಳಿದವರು ಇಂದಿಗೂ ಆ ಮಾತು ತೆಗೆಯುತ್ತಾರಲ್ಲ, ಅದು ಕಥೆ ಹೊಸದೆಂದಲ್ಲ. ನೀನು ಮಾಡಹೊರಟ ವಿಡಿಯೊದಲ್ಲಿಯೂ ಹಾಗೆಯೇ. ಚಿತ್ರ ಜಪಾನಿನವರದು, ಹಾಡು ಮತ್ತೊಬ್ಬರದು, ಅರ್ಥವಷ್ಟೇ ನಿನ್ನದು. ಆ ಅರ್ಥವೂ ಇಲ್ಲದಿದ್ದರೆ ಅಲ್ಲಿ ನಿನ್ನದು ಅನ್ನುವುದು ಏನೂ ಉಳಿಯುವುದಿಲ್ಲ.

ಈ ಬಗೆಯ ವಿಡಿಯೊ ಶುರುವಾದದ್ದೂ ಹಾಗೆಯೇ. 1982ರಲ್ಲಿ ಅಮೆರಿಕದ ಜಿಮ್ ಕಪೋಸ್ಟಾಸ್ ಎಂಬ 21 ವರ್ಷದ ಹುಡುಗ ಎರಡು ವಿಸಿಆರ್‌ಗಳನ್ನು ಒಂದಕ್ಕೊಂದು ಜೋಡಿಸಿಕೊಂಡ. ಜಪಾನಿನ ‘ಯಮಾಟೊ’ ಅಂತರಿಕ್ಷ ನೌಕೆಯ ಕಥೆ ಅಲ್ಲಿ ‘ಸ್ಟಾರ್ ಬ್ಲೇಜರ್ಸ್’ ಎಂಬ ಹೆಸರಿನಲ್ಲಿ ಬರುತ್ತಿತ್ತು. ಅದರಲ್ಲಿ ಅತ್ಯಂತ ಹಿಂಸೆಯಿದ್ದ ಯುದ್ಧದ ದೃಶ್ಯಗಳನ್ನೇ ಆರಿಸಿ, ಪ್ರೀತಿಯೊಂದಿದ್ದರೆ ಸಾಕೆನ್ನುವ ಬೀಟಲ್ಸ್ ಹಾಡಿಗೆ ಕೂರಿಸಿದ. ಇದೇ ಮೊದಲ ಅನಿಮೆ ಮ್ಯೂಸಿಕ್ ವಿಡಿಯೊ ಎನ್ನುತ್ತಾರೆ. ಎಫೆಕ್ಟ್ ಇಲ್ಲ, ಟ್ರಾನ್ಸಿಶನ್ ಇಲ್ಲ. ಆ ಹಾಡಿನ ಕೆಳಗೆ ಆ ಬೆಂಕಿ ಇಟ್ಟದ್ದೇ ಅವನ ಅರ್ಥ. ನಾನು ಕೊಚ್ಚಿಗೆ ಬಂದ ಹೊಸದರಲ್ಲಿ ಮದುವೆ ಕ್ಯಾಸೆಟ್‌ಗಳ ಎಡಿಟಿಂಗಿಗೆ ನಮ್ಮಲ್ಲಿದ್ದದ್ದೂ ಎರಡು ವಿಸಿಆರ್‌ಗಳೇ. ಟೇಪಿನಲ್ಲಿ ಮಧ್ಯದ ಒಂದು ಶಾಟ್ ಬದಲಿಸಬೇಕಾದರೆ ಅಲ್ಲಿಂದ ಮುಂದಿನದ್ದೆಲ್ಲವನ್ನೂ ಮತ್ತೆ ಜೋಡಿಸಬೇಕಿತ್ತು. ಹಾಗಾಗಿ ಗುಂಡಿ ಒತ್ತುವ ಮೊದಲೇ ಯೋಚಿಸುವ ಅಭ್ಯಾಸ ಬಂತು. ನಿನಗೆ ಆ ಕಷ್ಟವಿಲ್ಲ, ಆದರೆ ಆ ಅಭ್ಯಾಸ ನಿನಗೂ ಇರಲಿ ಎಂದು ನನ್ನಾಸೆ.

ನೀನೀಗ ಇರುವ ಕೊಚ್ಚಿಯ ಎಡಪ್ಪಳ್ಳಿಯ ನೆಲದಲ್ಲಿಯೇ ಇದಕ್ಕೊಂದು ದೊಡ್ಡ ಉದಾಹರಣೆ ಇದೆ. ಮೆಟ್ರೋದಲ್ಲಿ ಹೋಗುವಾಗ ಚಂಙಂಪುಳ ಪಾರ್ಕ್ ಎಂಬ ಸ್ಟೇಷನ್ ಸಿಗುತ್ತದಲ್ಲ, ಆ ಹೆಸರು ಕವಿ ಚಂಙಂಪುಳ ಕೃಷ್ಣ ಪಿಳ್ಳೆಯವರದು. ಅವರ ಗೆಳೆಯ, ಅವರಂತೆಯೇ ಕವಿಯಾಗಿದ್ದ ಎಡಪ್ಪಳ್ಳಿ ರಾಘವನ್ ಪಿಳ್ಳೆ 1936ರಲ್ಲಿ ಅಕಾಲದಲ್ಲಿ ತೀರಿಕೊಂಡರು. ಆ ದುಃಖವನ್ನು ಚಂಙಂಪುಳ ಇದ್ದದ್ದು ಇದ್ದ ಹಾಗೆ ಬರೆಯಲಿಲ್ಲ. ಕುರಿ ಕಾಯುವವರ ಕಥೆಯಾಗಿ ಶೋಕಗೀತೆ ಕಟ್ಟುವ, ದೂರದೇಶದ ಹಳೆಯ ರೂಪವೊಂದನ್ನು ಎರವಲು ತಂದು ‘ರಮಣನ್’ ಬರೆದರು. ಮುಂದೆ ಕೆಡಾಮಂಗಲಂ ಸದಾನಂದನ್ ಅದನ್ನು ಹರಿಕಥೆಯನ್ನು ಹೋಲುವ ಕಥಾಪ್ರಸಂಗವಾಗಿ ಊರೂರಿನಲ್ಲಿ ಹೇಳಿದರು, 1967ರಲ್ಲಿ ಅದು ಸಿನಿಮಾ ಆಯಿತು. ರೂಪ ಎರವಲಿನದಾದರೂ ಜನ ಅದನ್ನು ಒಪ್ಪಿಕೊಂಡರು. ಒಳಗಿನ ನೋವು ಕವಿಯ ಸ್ವಂತದ್ದಾಗಿತ್ತು.

ಇನ್ನು ನಿನ್ನ ವಿಷಯ. ಆರಿಸಿಕೊಂಡ ಸಿನಿಮಾ ಒಳ್ಳೆಯದು. ನಿರ್ದೇಶಕ ಮಿಯಾಜಾಕಿಯವರ ‘ಸ್ಪಿರಿಟೆಡ್ ಅವೇ’ (2001) ಎಷ್ಟು ಸಲ ನೋಡಿದರೂ ಹೊಸತೇನಾದರೂ ಕೊಡುವ ಸಿನಿಮಾ. ಮೊದಲ ವಿಡಿಯೊಕ್ಕೆ ಹತ್ತು ಅನಿಮೆಗಳಿಂದ ದೃಶ್ಯ ತರಲು ಹೋಗಬೇಡ, ಒಂದೇ ಸಾಕು, ಬಾಯಿಪಾಠವಾಗುವಷ್ಟು ಗೊತ್ತಿರುವ ಒಂದು. ಆದರೆ ನೀನು ಪಟ್ಟಿ ಮಾಡಿದ ದೃಶ್ಯಗಳೆಲ್ಲ ಎಲ್ಲರೂ ಆರಿಸುವಂಥವು: ಡ್ರ್ಯಾಗನ್ ಹಾರುವುದು, ಅನ್ನದ ಉಂಡೆ ತಿನ್ನುತ್ತಾ ನಾಯಕಿ ಚಿಹಿರೊ ದೊಡ್ಡ ದೊಡ್ಡ ಹನಿಯಾಗಿ ಅಳುವುದು, ಅಪ್ಪ ಅಮ್ಮ ಹಂದಿಗಳಾಗುವುದು. ಆ ಸಿನಿಮಾ ನೋಡಿದ ಯಾರಿಗಾದರೂ ನೆನಪಾಗುವಂಥವು ಅವು. ನಿನಗೆ ಮಾತ್ರ ಕಂಡದ್ದು ಯಾವುದು?

ಅದೇ ಸಿನಿಮಾದಲ್ಲಿ ಚಿಹಿರೊಳ ಕೈಕಾಲುಗಳನ್ನಷ್ಟೇ ಒಮ್ಮೆ ನೋಡುತ್ತಾ ಹೋಗು. ಅವಳು ಕೆಲಸಕ್ಕೆ ಸೇರುವ ಸ್ನಾನಗೃಹದ ಹೊರಗಿನ ಆ ಉದ್ದದ ಮೆಟ್ಟಿಲಲ್ಲಿ ಹೆದರಿ ಕೂತು, ಒಂದೊಂದೇ ಮೆಟ್ಟಿಲು ಜಾರಿಕೊಂಡು ಇಳಿಯುತ್ತಾಳೆ. ಬಾಯ್ಲರ್ ಕೋಣೆಯಲ್ಲಿ ತನ್ನ ಶಕ್ತಿಗೆ ಮೀರಿದ ಕಲ್ಲಿದ್ದಲ ತುಂಡನ್ನು ಒಲೆಯ ತನಕ ಹೊತ್ತು ಹಾಕುತ್ತಾಳೆ. ಬೇರೆ ಹೆಂಗಸರು ಸರಸರನೆ ಒರೆಸುವ ನೆಲವನ್ನು ಇವಳು ಮುಗ್ಗರಿಸುತ್ತಾ ಒರೆಸುತ್ತಾಳೆ. ಮುಂದೆ ಕೊಳಕು ತುಂಬಿದ ನದಿದೇವತೆ ಬಂದಾಗ ಅದೇ ಕೈ ಹಗ್ಗ ಬಿಗಿಯುತ್ತದೆ. ಶೂ ಹಾಕಿಕೊಂಡ ಮೇಲೆ ಓಡುವ ಮೊದಲು ತುದಿಯನ್ನು ನೆಲಕ್ಕೆ ತಟ್ಟಿ ಸರಿಮಾಡಿಕೊಳ್ಳುತ್ತಾಳೆ, ಗಮನಿಸಿದ್ದೀಯಾ? ಆಮೇಲೆ ಕಟ್ಟಡದ ಹೊರಗಿನ ಪೈಪಿನ ಮೇಲೆಯೇ ಓಡುತ್ತಾಳೆ. ಮೆಟ್ಟಿಲಿಗೆ ಹೆದರಿದ ಹುಡುಗಿ ಇವಳೇ. ಇಷ್ಟನ್ನೇ ಹಿಡಿದರೆ ಒಂದು ವಿಡಿಯೊ ಆಗುತ್ತದೆ: ಹೆದರಿದವಳಿಗೆ ಧೈರ್ಯ ಮೊದಲು ಬರುವುದು ಕೈಕಾಲಿಗೆ, ಮನಸ್ಸಿಗೆ ಆಮೇಲೆ. ಊರು ಬಿಟ್ಟು, ಗೊತ್ತಿಲ್ಲದ ಹಾಸ್ಟೆಲಿಗೆ ಬಂದು, ಬಸ್ಸು, ಮೆಸ್ಸು, ಮಲಯಾಳದ ಕ್ಲಾಸು ಎಲ್ಲ ಕಲಿತ ನಿನಗೆ ಇದನ್ನು ನಾನು ವಿವರಿಸಬೇಕಾಗಿಲ್ಲ. ಇದೇ ಅರ್ಥ ಆಗಬೇಕೆಂದು ನನ್ನ ಹಟವಿಲ್ಲ. ನಿನ್ನದು ಬೇರೆ ಇರಬಹುದು. ಆದರೆ ಅದನ್ನು ಒಂದೇ ವಾಕ್ಯದಲ್ಲಿ, ಕನ್ನಡದಲ್ಲಿ, ಕಾಗದದ ಮೇಲೆ ಬರೆದು ಲ್ಯಾಪ್‌ಟಾಪಿನ ಪಕ್ಕದಲ್ಲಿಟ್ಟುಕೋ. ಯಾವ ಶಾಟ್ ಬೇಕು, ಯಾವುದು ಬೇಡ ಎಂಬ ಸಂಶಯ ಬಂದಾಗೆಲ್ಲ ಆ ವಾಕ್ಯವನ್ನು ನೋಡು. ಡ್ರ್ಯಾಗನ್ ಎಷ್ಟೇ ಚಂದವಿರಲಿ, ಆ ವಾಕ್ಯಕ್ಕೆ ಸೇರದಿದ್ದರೆ ಬಿಡಬೇಕು. ಎಡಿಟಿಂಗ್‌ನಲ್ಲಿ ಕಷ್ಟದ ಕೆಲಸ ಅದೇ.

ಹಾಡಿನ ಬಗ್ಗೆ ನನ್ನದೊಂದು ಸಲಹೆ. ನೀನು ಹೇಳಿದ ಜಪಾನೀ ಹಾಡಿನ ಮಾತು ನಿನಗೆ ಅರ್ಥವಾಗುವುದು ಸಬ್‌ಟೈಟಲ್ ಓದಿದಾಗ ಮಾತ್ರ. ಅದಕ್ಕಿಂತ ನಿನ್ನ ಅಮ್ಮ ಅಡಿಗೆಮನೆಯಲ್ಲಿ ಕೆಲಸ ಮಾಡುತ್ತಾ ಹೇಳಿಕೊಳ್ಳುವ ದಾಸರ ಪದವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಲು ಹೇಳು. ಫ್ಯಾನ್ ಆರಿಸಿ, ಮಿಕ್ಸಿ ನಿಂತ ಮೇಲೆ, ಫೋನನ್ನು ಮಡಚಿದ ಬಟ್ಟೆಯ ಮೇಲಿಟ್ಟರೆ ಸಾಕಷ್ಟು ಶುದ್ಧವಾಗಿ ಬರುತ್ತದೆ. ಅಮ್ಮನ ಕಂಠ ಸಿನಿಮಾದ ಹಾಡಿನಷ್ಟು ನಯವಾಗಿರದು. ಆದರೆ ಕೆಲಸ ಕಲಿಯುವ ಹುಡುಗಿಯ ಚಿತ್ರದ ಕೆಳಗೆ ಕೆಲಸ ಮಾಡುತ್ತಲೇ ಹಾಡುವ ಅಮ್ಮನ ದನಿ ಬಂದರೆ ಹೇಗಿರುತ್ತದೆ ಎಂದು ಯೋಚಿಸು. ಅಂಥ ಹಾಡು ಬೇರೆ ಯಾರ ಹತ್ತಿರವೂ ಇಲ್ಲ. ಯಾವ ಹಾಡಾದರೂ ಒಂದು, ಹೆಚ್ಚೆಂದರೆ ಒಂದೂವರೆ ನಿಮಿಷಕ್ಕೆ ನಿಲ್ಲಿಸು. ಚರಣ ಮುಗಿದು ಪಲ್ಲವಿಗೆ ಮರಳುವಲ್ಲಿ ಕತ್ತರಿಸಿದರೆ ಕಿವಿಗೆ ಒಡಕು ಕೇಳಿಸುವುದಿಲ್ಲ.

ಸಾಫ್ಟ್‌ವೇರ್‌ಗಾಗಿ ಹುಡುಕಾಡಬೇಡ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯಲ್ಲಿ ಲಿಟಲ್ ಕೈಟ್ಸ್ ಕ್ಲಬ್ಬಿನಲ್ಲಿದ್ದಾಗ ನೀನು ಕೇಡೆನ್‌ಲೈವ್ ಕಲಿತಿದ್ದೀಯಲ್ಲ, ಅದು ಧಾರಾಳ ಸಾಕು. 2018ರಲ್ಲಿ ಕೇರಳ ಸರಕಾರದ ಕೈಟ್ ಸಂಸ್ಥೆ ಶುರುಮಾಡಿದ ಆ ಕ್ಲಬ್ಬುಗಳಿಂದ ಹಳ್ಳಿಯ ಮಕ್ಕಳ ಕೈಗೂ ಎಡಿಟಿಂಗ್ ಬಂತು. ಅನಿಮೇಶನ್‌ಗೆಂದು ಅದೇ ಕ್ಲಬ್ಬಿನಲ್ಲಿ ಕಲಿತ ಓಪನ್‌ಟೂನ್ಜ್‌ಗೂ ನಿನ್ನ ಸಿನಿಮಾಕ್ಕೂ ಹತ್ತಿರದ ನಂಟಿದೆ. ಅದರ ಮೂಲವಾದ ಟೂನ್ಜ್ ಎಂಬ ಇಟಲಿಯ ತಂತ್ರಾಂಶವನ್ನು ಮಿಯಾಜಾಕಿಯವರ ಸ್ಟುಡಿಯೊ ಜಿಬ್ಲಿ ‘ಪ್ರಿನ್ಸೆಸ್ ಮೊನೊನೊಕೆ’ (1997) ಕಾಲದಿಂದ ಬಳಸುತ್ತಾ ಬಂದಿತ್ತು. 2016ರಲ್ಲಿ ಜಪಾನಿನ ದ್ವಾಂಗೊ ಕಂಪನಿ ಅದನ್ನು ಕೊಂಡು ಎಲ್ಲರಿಗೂ ಮುಕ್ತವಾಗಿ ಬಿಟ್ಟುಕೊಟ್ಟಿತು. ಮಿಯಾಜಾಕಿಯವರ ಮನೆಯ ಹತಾರವೇ ನಿನ್ನ ಶಾಲೆಯ ಲ್ಯಾಬಿಗೆ ಬಂದಿತ್ತೆಂದರೆ ನನಗೆ ತುಂಬ ಸಂತೋಷವಾಗುತ್ತದೆ.

ಚಲಿಸುವ ದೃಶ್ಯಕ್ಕೆ ಕೈ ಹಾಕುವ ಮೊದಲು ಸ್ಥಿರ ಚಿತ್ರಗಳಲ್ಲಿ ಅಭ್ಯಾಸ ಮಾಡು. 2020ರ ಸೆಪ್ಟೆಂಬರಿನಲ್ಲಿ ಜಿಬ್ಲಿಯವರು ತಮ್ಮ 8 ಸಿನಿಮಾಗಳಿಂದ 50ರಂತೆ 400 ಚಿತ್ರಗಳನ್ನು ಬಿಡುಗಡೆ ಮಾಡಿ, ವಿವೇಕದ ಮಿತಿಯೊಳಗೆ ಯಾರು ಬೇಕಾದರೂ ಬಳಸಿಕೊಳ್ಳಬಹುದು ಎಂದರು. ‘ಸ್ಪಿರಿಟೆಡ್ ಅವೇ’ಯ ಚಿತ್ರಗಳೂ ಅದರಲ್ಲಿವೆ. ಹತ್ತೇ ಚಿತ್ರ ತೆಗೆದುಕೊಂಡು ಅಮ್ಮನ ಹಾಡಿನ ಅರ್ಧ ನಿಮಿಷಕ್ಕೆ ಜೋಡಿಸು. ಯಾವ ಚಿತ್ರ ಎಷ್ಟು ಹೊತ್ತು ನಿಲ್ಲಬೇಕೆಂದು ಕಣ್ಣಿಗೆ ತಿಳಿಯುವುದು ಅಲ್ಲಿಂದ.

ಈಗ ತಾಳದ ಲೆಕ್ಕ. ಅನಿಮೆಯಲ್ಲಿ ಸೆಕೆಂಡಿಗೆ 24 ಫ್ರೇಮ್, ಸರಿಯಾಗಿ ಹೇಳುವುದಾದರೆ 23.976. ಮೊದಲ ಕ್ಲಿಪ್ಪನ್ನು ಪ್ರಾಜೆಕ್ಟಿಗೆ ಸೇರಿಸಿದಾಗ, ಪ್ರಾಜೆಕ್ಟನ್ನು ಇದಕ್ಕೆ ಹೊಂದಿಸಲೇ ಎಂದು ಕೇಡೆನ್‌ಲೈವ್ ಕೇಳುತ್ತದೆ. ಹೌದು ಎನ್ನು. 30ರಲ್ಲಿಟ್ಟರೆ ನಾಲ್ಕಕ್ಕೊಂದು ಫ್ರೇಮ್ ಎರಡೆರಡು ಸಲ ಬಂದು, ಕ್ಯಾಮೆರಾ ಅಡ್ಡಕ್ಕೆ ಸರಿಯುವಲ್ಲೆಲ್ಲ ಚಿತ್ರ ಕುಂಟುತ್ತದೆ. ನಿಮಿಷಕ್ಕೆ 120 ಪೆಟ್ಟಿನ ಹಾಡಾದರೆ ಒಂದು ಪೆಟ್ಟಿಗೆ 12 ಫ್ರೇಮ್, 90ರ ಹಾಡಾದರೆ 16. ಹಾಡನ್ನು ಹಚ್ಚಿ, ಕೈಯಲ್ಲಿ ತಾಳ ಹಾಕಿದಂತೆ ಪ್ರತಿ ಪೆಟ್ಟಿಗೂ ಕೀಬೋರ್ಡಿನಲ್ಲಿ ‘ಜಿ’ ಒತ್ತುತ್ತಾ ಹೋದರೆ ಗುರುತು ಬೀಳುತ್ತದೆ. ಆದರೆ ಆ ಗುರುತು ಬಿದ್ದಲ್ಲೆಲ್ಲ ಕತ್ತರಿಸಬೇಕೆಂದಿಲ್ಲ. ಪೆಟ್ಟಿಗೊಂದು ಕಟ್ ಹಾಕಿದರೆ ಹತ್ತು ಸೆಕೆಂಡಿನಲ್ಲಿ ನೋಡುವವರ ಕಣ್ಣು ದಣಿಯುತ್ತದೆ. ಕೆಲವು ಕಡೆ ಪೆಟ್ಟಿಗೆ ಕಟ್ ಕೊಡುವುದಕ್ಕಿಂತ ಚಿತ್ರದೊಳಗಿನ ಚಲನೆಯನ್ನು ಕೊಡುವುದು ಮೇಲು: ಚಿಹಿರೊ ಶೂ ತುದಿ ತಟ್ಟುವ ಫ್ರೇಮ್ ಪೆಟ್ಟಿನ ಮೇಲೆ ಬೀಳಲಿ, ಕಟ್ ಅದಕ್ಕೂ ಮುಂಚೆ ಎಲ್ಲೋ ಆಗಿಹೋಗಿರಲಿ. ಅಮ್ಮನ ಹಾಡಾದರೆ ಲಯ ಒಂದಿಷ್ಟು ಹಿಂದೆಮುಂದೆ ಆಗುತ್ತದೆ. ಆಗ ಲೆಕ್ಕ ಬಿಟ್ಟು ಉಸಿರನ್ನು ಕೇಳಿಸಿಕೋ. ಹಾಡುವವರು ಉಸಿರು ಎಳೆದುಕೊಳ್ಳುವ ಜಾಗದಷ್ಟು ಒಳ್ಳೆಯ ಕಟ್ ಇನ್ನೊಂದಿಲ್ಲ.

ಫೋನಿನಲ್ಲಿ ನೀನು ತೋರಿಸಿದ ಆ ಒಂದು ತುಣುಕಿನ ಬಗ್ಗೆ ಹೇಳಲೇಬೇಕು. ನೀರಿನ ಮೇಲೆ ರೈಲು ಹೋಗುವ ದೃಶ್ಯವನ್ನು ಎಂಟು ಚೂರು ಮಾಡಿ, ನಡುವೆ ಮಿಂಚು ಹೊಡೆಸಿದ್ದೀಯ. ಆ ದೃಶ್ಯದಲ್ಲಿ ಏನಾಗುತ್ತದೆ? ಚಿಹಿರೊ ಮುಂದಕ್ಕೆ ನೋಡುತ್ತಾ ನೆಟ್ಟಗೆ ಕೂತಿದ್ದಾಳೆ, ಪಕ್ಕದಲ್ಲಿ ಕಾವೊನಾಶಿ ಎಂಬ ಮುಖವಾಡದ ಜೀವಿ. ನೆರಳಿನಂಥ ಪ್ರಯಾಣಿಕರು ಒಬ್ಬೊಬ್ಬರೇ ಇಳಿದು ಹೋಗುತ್ತಾರೆ, ಹೊರಗೆ ಕತ್ತಲಾಗುತ್ತದೆ. ಅಷ್ಟೇ. ಇಡೀ ಸಿನಿಮಾದಲ್ಲಿ ಓಡಿ ಓಡಿ ದಣಿದ ಹುಡುಗಿಗೆ ಅಲ್ಲಿ ಮಾಡಲು ಏನೂ ಕೆಲಸವಿಲ್ಲ, ಹೋಗುವ ಕಡೆ ಹೋಗುತ್ತಿದ್ದಾಳೆ. ಆ ಸುಮ್ಮನಿರುವಿಕೆಗೇ ಅಲ್ಲಿ ಬೆಲೆ. ಕೈಕಾಲಿನ ಕೆಲಸವನ್ನೆಲ್ಲ ಚುರುಕಾಗಿ ಕತ್ತರಿಸಿಕೊಂಡು ಬಂದು, ಇಲ್ಲಿ ಒಂದೇ ಶಾಟನ್ನು ಐದಾರು ಸೆಕೆಂಡು ಅಲುಗಾಡಿಸದೆ ಬಿಡು. ಮಡಿಲಲ್ಲಿ ಕೈಯಿಟ್ಟು ಕೂತಿದ್ದಾಳಲ್ಲ, ಅದುವರೆಗೆ ದುಡಿದ ಕೈ ಅದು ಎಂದು ನೋಡುವವರಿಗೆ ತಾನಾಗಿ ಹೊಳೆಯುತ್ತದೆ. ಹೊಸಬರಿಗೆ ಕತ್ತರಿಸಲು ಧೈರ್ಯ ಬೇಕಾಗಿಲ್ಲ, ಕತ್ತರಿಸದೆ ಬಿಡಲು ಬೇಕು.

ಕೆಲವು ಸಣ್ಣ ವಿಷಯಗಳನ್ನು ಬೇಗ ಹೇಳಿಬಿಡುತ್ತೇನೆ. ಸಬ್‌ಟೈಟಲ್ ಅಚ್ಚಾಗಿರುವ ವಿಡಿಯೊ ತೆಗೆದುಕೊಳ್ಳಬೇಡ, ಅಕ್ಷರ ಬಂದರೆ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಪಾತ್ರ ಬಾಯಿ ಆಡಿಸುವ ಶಾಟುಗಳನ್ನು ಆದಷ್ಟು ಬಿಡು: ದನಿಯಿಲ್ಲದೆ ಬಾಯಿ ಅಲುಗಿದರೆ ಅವಳೇನೋ ಹೇಳಿದಳು, ನಮಗೆ ಕೇಳಿಸಲಿಲ್ಲ ಎಂಬ ಕಸಿವಿಸಿಯಾಗುತ್ತದೆ. ಪ್ರತಿ ಕ್ಲಿಪ್ಪಿನ ಕೊನೆಯನ್ನು ಒಂದೊಂದೇ ಫ್ರೇಮ್ ಸರಿಸಿ ಪರೀಕ್ಷಿಸು. ಮುಂದಿನ ಶಾಟಿನ ಒಂದೇ ಒಂದು ಫ್ರೇಮ್ ಬಾಲಕ್ಕೆ ಅಂಟಿಕೊಂಡಿರುತ್ತದೆ, ಪ್ಲೇ ಮಾಡುವಾಗ ಮಿಣುಕಿದಂತೆ ಕಾಣುವುದು ಅದೇ. ಫೋನಿನ ಸ್ಕ್ರೀನ್ ರೆಕಾರ್ಡಿಂಗಿನಲ್ಲಿ ಫ್ರೇಮಿನ ವೇಗ ಏರುಪೇರಾಗಿರುವುದರಿಂದ ತಾಳ ತಪ್ಪುತ್ತದೆ. ನೀನು ಹಣ ಕೊಟ್ಟು ಕೊಂಡ ಡಿಸ್ಕ್‌ನಿಂದ ಕೆಲಸ ಮಾಡಿದರೆ ಚಿತ್ರವೂ ಶುದ್ಧ, ಮನಸ್ಸೂ ನೆಮ್ಮದಿ. ಲ್ಯಾಪ್‌ಟಾಪ್ ತಡವರಿಸಿದರೆ ಪ್ರಾಕ್ಸಿ ಕ್ಲಿಪ್, ಅಂದರೆ ಹಗುರ ನಕಲು, ಆನ್ ಮಾಡಿಕೋ. ಎಲ್ಲ ಕ್ಲಿಪ್ಪುಗಳನ್ನೂ ಹಾಡನ್ನೂ ಒಂದೇ ಫೋಲ್ಡರಿನಲ್ಲಿಟ್ಟು ಆಮೇಲೆ ಎಡಿಟಿಂಗ್ ಶುರು ಮಾಡು, ನಡುವೆ ಫೋಲ್ಡರ್ ಸ್ಥಳ ಬದಲಿಸಬೇಡ. ಎಫೆಕ್ಟ್ ಬಗ್ಗೆ ಕೇಳಿದ್ದೀಯ. ಮೊದಲ ವಿಡಿಯೊದಲ್ಲಿ ಒಂದೂ ಬೇಡ. ನೇರ ಕಟ್‌ನಲ್ಲಿ ನಿಲ್ಲದ ಜೋಡಣೆಯನ್ನು ಎಫೆಕ್ಟ್ ಎತ್ತಿ ನಿಲ್ಲಿಸಲಾರದು.

ಎಲ್ಲಿ ಕತ್ತರಿಸಬೇಕೆಂದು ಕಣ್ಣಿಗೆ ಅಭ್ಯಾಸವಾಗಲು, ಡಿಸೆಂಬರಿನಲ್ಲಿ ತಿರುವನಂತಪುರದಲ್ಲಿ ನಡೆಯುವ ಕೇರಳ ಅಂತಾರಾಷ್ಟ್ರೀಯ ಚಲನಚಿತ್ರೋತ್ಸವಕ್ಕೆ ಈ ವರ್ಷ ಪಾಸ್ ಮಾಡಿಸಿಕೊಂಡು ಹೋಗಿ ಬಾ. ಭಾಷೆ ತಿಳಿಯದ ಸಿನಿಮಾಗಳನ್ನೇ ಆರಿಸಿ, ಶಾಟ್ ಎಲ್ಲಿ ಮುಗಿಯಿತು, ಯಾಕೆ ಅಲ್ಲೇ ಮುಗಿಯಿತು ಎಂದು ಮಾತ್ರ ನೋಡು.

ಇನ್ನು ಹಕ್ಕಿನ ಮಾತು. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ಖಾಸಗಿ ಬಳಕೆ, ವಿಮರ್ಶೆ, ವರದಿ ಮುಂತಾದವಕ್ಕೆ ರಿಯಾಯಿತಿ ಕೊಡುತ್ತದೆ. ಅಭಿಮಾನಿಗಳ ವಿಡಿಯೊ ಎಂದು ಅದರಲ್ಲಿ ಎಲ್ಲೂ ಹೆಸರಿಸಿಲ್ಲ. ನೀನು ಮಾಡಿ, ಮನೆಯವರಿಗೆ, ಗೆಳತಿಯರಿಗೆ ತೋರಿಸುವುದು ಒಂದು. ಯೂಟ್ಯೂಬಿಗೆ ಹಾಕುವುದು ಇನ್ನೊಂದು. ಅಲ್ಲಿ ಕಂಟೆಂಟ್ ಐಡಿ ಎಂಬ ವ್ಯವಸ್ಥೆ ಹಾಡನ್ನೂ ಚಿತ್ರವನ್ನೂ ತಾನಾಗಿ ಗುರುತಿಸುತ್ತದೆ. ಹಕ್ಕುದಾರರು ಬೇಡವೆಂದರೆ ತೆಗೆಯಬೇಕು, ಅವರೊಡನೆ ಜಗಳಕ್ಕೆ ನಿಲ್ಲಬಾರದು. 2005ರಲ್ಲಿ ವಿಂಡ್-ಅಪ್ ಎಂಬ ಅಮೆರಿಕದ ಸಂಗೀತ ಕಂಪನಿ ತನ್ನ ಕಲಾವಿದರ ಹಾಡುಗಳಿರುವ ಇಂಥ ವಿಡಿಯೊಗಳನ್ನು ಅಭಿಮಾನಿಗಳ ತಾಣವೊಂದರಿಂದ ತೆಗೆಸಿತು. ಎಷ್ಟೋ ಜನರ ರಾತ್ರಿಗಳ ದುಡಿಮೆ ಅದರೊಂದಿಗೆ ಹೋಯಿತು. ಆದ್ದರಿಂದ ನಿನ್ನ ಪ್ರತಿಯನ್ನು ಹಾರ್ಡ್ ಡಿಸ್ಕಿನಲ್ಲಿ ಜೋಪಾನವಾಗಿಟ್ಟುಕೋ, ಇದರಿಂದ ಒಂದು ರೂಪಾಯಿ ಗಳಿಸುವ ಯೋಚನೆಯನ್ನೂ ಮಾಡಬೇಡ. ಕೊನೆಯಲ್ಲಿ ನಿರ್ದೇಶಕರ ಹೆಸರು, ಸ್ಟುಡಿಯೊದ ಹೆಸರು, ಹಾಡಿದವರ ಹೆಸರು ಓದಲು ಸಾಕಾಗುವಷ್ಟು ಹೊತ್ತು ನಿಲ್ಲಲಿ. ಚಿತ್ರ ಬಿಡಿಸಿದ ನೂರಾರು ಕೈಗಳ ದುಡಿಮೆಯ ಮೇಲೆ ನಾವು ಅರ್ಥ ಹೇಳುತ್ತಿರುವುದು. ಈ ಹಂಗು ಬೇಡವೆನಿಸಿದ ದಿನ ಓಪನ್‌ಟೂನ್ಜ್ ತೆರೆದು ನಿನ್ನದೇ ಹುಡುಗಿಯೊಬ್ಬಳನ್ನು ಬಿಡಿಸು. ಆ ದಿನ ಬರುತ್ತದೆಂದು ನನಗೆ ನಂಬಿಕೆ ಇದೆ.

ಮುಗಿದ ಮೇಲೆ ಮೊದಲು ಅನಿಮೆ ಗೆಳೆಯರಿಗೆ ತೋರಿಸಬೇಡ. ಅವರು ನಿನ್ನ ವಿಡಿಯೊದಲ್ಲಿ ತಮಗೆ ಇಷ್ಟವಾದ ಸಿನಿಮಾವನ್ನೇ ನೋಡುತ್ತಾರೆ. ಆ ಸಿನಿಮಾ ನೋಡಿಲ್ಲದವರನ್ನು ಕೂರಿಸು. ಮುಂಚೆ ಏನೂ ವಿವರಿಸಬೇಡ, ಮುಗಿದ ಮೇಲೆ ಚೆನ್ನಾಗಿದೆಯಾ ಎಂದೂ ಕೇಳಬೇಡ. ಆ ಹುಡುಗಿಗೆ ಏನಾಯಿತು ಎಂದಷ್ಟೇ ಕೇಳು. ನೀನು ಕಾಗದದಲ್ಲಿ ಬರೆದಿಟ್ಟ ವಾಕ್ಯದ ಹತ್ತಿರ ಹತ್ತಿರ ಅವರು ಬಂದರೆ ಸರಿ, ಇಲ್ಲವಾದರೆ ಮತ್ತೆ ಟೈಮ್‌ಲೈನಿಗೆ ಕೂರು. ನಮ್ಮ ಮನೆಯಲ್ಲಿ ನಿನ್ನ ಅತ್ತೆ ಆ ಸಿನಿಮಾ ನೋಡಿಲ್ಲ, ಆದರೆ ದಾಸರ ಪದ ಎಲ್ಲ ಬಲ್ಲಳು. ವಾಟ್ಸಾಪಿನಲ್ಲಿ ಕಳಿಸಬೇಡ, ಅದು ಚಿತ್ರವನ್ನು ಅರೆದು ಬಿಡುತ್ತದೆ. ಪೆನ್‌ಡ್ರೈವಿನಲ್ಲಿ ತಾ, ಪ್ರಾಜೆಕ್ಟ್ ಫೋಲ್ಡರ್ ಸಮೇತ. ಅವಳು ನೋಡಿ ಹೇಳಿದ ಮೇಲೆ ನಾವಿಬ್ಬರೂ ಕೂತು ಒಂದೊಂದೇ ಕಟ್ ಬಿಚ್ಚಿ ನೋಡೋಣ.